ಮುಗಿಲ ಕಣ್ಣಿಗೆ ಮಣ್ಣಿನ ಆಳ ಕಂಡೀತೆ?

ಮುಂಬಯಿ–ಚೆನ್ನೈ ರೈಲುದಾರಿಯಲ್ಲಿ ಬಂದು ಕಲಬುರಗಿಯಲ್ಲಿ ಇಳಿದ ಪ್ರವಾಸಿಗೆ ಸ್ಟೇಶನ್ ಬಜಾರ ಎದುರಾಗುವುದು. ಜನ, ಗಾಡಿ, ಅಂಗಡಿಗಳ ಗದ್ದಲದ ನಡುವೆ ತನ್ನ ಕಾಲ ಕೆಳಗೆ ಏನಿದೆಯೆಂದು ನೋಡುವ ವ್ಯವಧಾನ ಯಾರಿಗುಂಟು? ಈ ಊರಿನ ಮನೆ ಅಂಗಡಿಗಳ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು ಹತ್ತಿರದ ಶಹಾಬಾದಿನ ಸುಣ್ಣಕಲ್ಲು. ಹಾಸುಗಲ್ಲಿನ ಅಡಿಗೆ ಹೋದರೆ ಈ ಸೀಮೆಯ ಎರೆಮಣ್ಣು. ಎರೆಯ ಅಡಿಗೆ ಗರಸು. ಗರಸಿನ ಅಡಿಗೆ ಕರಿಯ ಬಂಡೆ. ಎರೆಮಣ್ಣು ಮಳೆಗೆ ಉಬ್ಬುವುದು, ಬೇಸಗೆಗೆ ಕುಗ್ಗಿ ಬಿರಿಯುವುದು. ಅದರ ಮೇಲೆ ನಿಲ್ಲಿಸಿದ ಗೋಡೆಯೂ ಅದರೊಡನೆ ಬಿರಿಯುವುದು. ಆದುದರಿಂದ ಇಲ್ಲಿಯ ಗೌಂಡಿ ಗಟ್ಟಿ ನೆಲ ಸಿಗುವ ತನಕ ಅಗೆಸಿ, ಆಮೇಲೆಯೇ ಬುನಾದಿಗೆ ಕಲ್ಲಿಡುವನು. ಮಣ್ಣಿನ ಆಳವೆಷ್ಟೆಂಬ ಪ್ರಶ್ನೆಗೆ ಆತನ ಗುದ್ದಲಿ ಒಂದೇ ದಿನದಲ್ಲಿ ಉತ್ತರ ಕೊಡುತ್ತದೆ.

ಮನೆ ಕಟ್ಟುವವನಿಗೆ ಒಂದು ನಿವೇಶನದ ಚಿಂತೆ. ಬಿತ್ತುವವನಿಗೆ ಇಡೀ ಹೊಲದ ಚಿಂತೆ. ಇನ್ನು ಒಂದು ಜಿಲ್ಲೆಯ ಬೇಸಾಯಕ್ಕೆ ದಾರಿ ಹೇಳಬೇಕಾದವರಿಗೆ ಎಷ್ಟು ನೆಲದ ಚಿಂತೆ ಇರಬೇಡ! ಹೆಜ್ಜೆ ಹೆಜ್ಜೆಗೂ ಗುಂಡಿ ತೋಡಲು ಯಾರಿಂದಲೂ ಆಗದು. ಆದುದರಿಂದಲೇ ಮಣ್ಣಿನ ಶಾಸ್ತ್ರಜ್ಞರು ತಲೆಯೆತ್ತಿ ಮುಗಿಲನ್ನು ನೋಡಿದರು. ನೆಲವನ್ನು ಸುತ್ತುವ ಕೃತಕ ಉಪಗ್ರಹಗಳ ಚಿತ್ರಗಳಿಂದ ಮಣ್ಣಿನ ನಕಾಶೆ ಬರೆಯುವ ವಿದ್ಯೆ ಈಗ ಐವತ್ತು ವರ್ಷಗಳನ್ನು ದಾಟಿದೆ. ಆ ವಿದ್ಯೆ ಏನನ್ನು ಕಾಣಬಲ್ಲುದು, ಏನನ್ನು ಕಾಣಲಾರದು ಎಂಬುದನ್ನು ತಿಳಿಯಲು ಕಲಬುರಗಿಗಿಂತ ತಕ್ಕ ಸೀಮೆ ಸಿಗುವುದು ಕಷ್ಟ.

ಎರೆ, ಮಸಾರಿ, ಮಡ್ಡಿ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರದ ಕಡೆಗೆ ಹೊರಟವರಿಗೆ ಈ ನೆಲದ ವೈವಿಧ್ಯ ಕಣ್ಣಿಗೆ ಬೀಳದೆ ಇರದು. ಸಮತಟ್ಟಾದ ಕಡೆ ಕಪ್ಪು ಹೊಲ. ಏರು ಬಂದಲ್ಲಿ ಬಣ್ಣ ತಿಳಿಯಾಗಿ, ಕಲ್ಲುಹರಳು ತೋರಿ, ದಿಬ್ಬದ ನೆತ್ತಿಯಲ್ಲಿ ಬಂಡೆಯೇ ಹೊರಬೀಳುವುದು. ಮತ್ತೆ ಹಳ್ಳದ ಕಡೆಗೆ ಇಳಿದರೆ ಕಪ್ಪು ಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ, ಪದರಪದರವಾಗಿ ಹರಿದು ಗಟ್ಟಿಯಾದ ದಖ್ಖಣದ ಕರಿಬಂಡೆ ಈ ಪ್ರದೇಶದ ತಳಪಾಯ. ಆ ಬಂಡೆ ಮಳೆಗಾಳಿಗಳಿಗೆ ಸಿಕ್ಕಿ ಕೊಳೆತು ಎರೆಮಣ್ಣಾಯಿತು. ದಿಬ್ಬದ ಮೇಲೆ ಹುಟ್ಟಿದ ಮಣ್ಣು ಅಲ್ಲಿಯೇ ನಿಲ್ಲದೆ ನೀರಿನೊಡನೆ ಜಾರಿ ತಗ್ಗಿನಲ್ಲಿ ಕೂಡಿಕೊಂಡಿತು. ಹೀಗಾಗಿ ಒಂದೇ ಊರಿನಲ್ಲಿ, ಒಂದೇ ಬಂಡೆಯ ಮೇಲೆ, ಒಬ್ಬನ ಹೊಲ ಆಳೆತ್ತರದ ಎರೆ, ನೆರೆಯವನದು ಗೇಣುದ್ದದ ಮಡ್ಡಿ.

ರೈತರು ಇದನ್ನು ಯಾವ ಶಾಸ್ತ್ರವನ್ನೂ ಓದದೆ ಅರಿತಿದ್ದಾರೆ. ಎರೆ, ಮಸಾರಿ, ಮಡ್ಡಿ, ಗರಸು, ಸವುಳು ಎಂದು ಅವರು ನೆಲಕ್ಕೆ ಇಟ್ಟ ಹೆಸರುಗಳಲ್ಲಿ ಬಣ್ಣ, ಗುಣ, ಆಳ ಮೂರೂ ಅಡಗಿವೆ. ಜಿಲ್ಲೆಯ ಪೂರ್ವಕ್ಕೆ, ಚಿಂಚೋಳಿಯ ಕಡೆ ಕೆಂಪು ಜಂಬುಮಣ್ಣು ಕಾಣುವುದು. ದಕ್ಷಿಣಕ್ಕೆ ಶಹಾಬಾದ್, ವಾಡಿ, ಸೇಡಂಗಳ ಕಡೆ ಸುಣ್ಣಕಲ್ಲಿನ ಮೇಲಿನ ಮಣ್ಣು. ಕಮಲಾಪುರದ ಕೆಂಪು ಬಾಳೆ ಆ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಗುರುತಿನ ಮುದ್ರೆ ಪಡೆದಿದೆ. ಒಂದು ಬೆಳೆಯ ಗುಣವು ಒಂದು ನೆಲಕ್ಕೆ ಕಟ್ಟುಬಿದ್ದುದು ಎಂದು ಕಾಯಿದೆಯೇ ಒಪ್ಪಿದಂತಾಯಿತಲ್ಲವೆ?

ಬೇರು ಕೇಳುವುದು ಆಳವನ್ನು

ಕಲಬುರಗಿಯನ್ನು ತೊಗರಿಯ ಕಣಜವೆನ್ನುವರು. 2019ರಲ್ಲಿ ಇಲ್ಲಿಯ ತೊಗರಿ ಬೇಳೆಗೂ ಗುಲ್ಬರ್ಗಾ ಎಂಬ ಹಳೆಯ ಹೆಸರಿನಲ್ಲಿ ಅದೇ ಮುದ್ರೆ ದೊರೆಯಿತು. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್–ಜನವರಿಯಲ್ಲಿ. ಮಳೆಯಾದರೋ ಅಕ್ಟೋಬರಿನ ಹೊತ್ತಿಗೆ ಹಿಂದೆ ಸರಿಯುತ್ತದೆ. ಹೂವಾಡಿ, ಕಾಯಿ ಕಟ್ಟಿ, ಕಾಳು ತುಂಬುವ ದಿನಗಳಲ್ಲಿ ಗಿಡಕ್ಕೆ ನೀರುಣಿಸುವವರು ಯಾರು? ಮಣ್ಣು ತನ್ನ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡ ನೀರೇ ಆಗ ಅದರ ಪಾಲಿನ ಕೆರೆ.

ಆ ಕೆರೆ ಎಷ್ಟು ದೊಡ್ಡದು ಎಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ಒಂದು ಮೀಟರ್ ಆಳದ ಒಳ್ಳೆಯ ಎರೆಮಣ್ಣು ಗಿಡಕ್ಕೆ ದಕ್ಕುವಂಥ ನೀರನ್ನು ಸುಮಾರು 150ರಿಂದ 200 ಮಿಲಿಮೀಟರ್ ಮಳೆಯಷ್ಟು ಹಿಡಿದಿಡುತ್ತದೆ. ಬೆಳೆ ದಿನಕ್ಕೆ 3 ಮಿಲಿಮೀಟರ್ ಕುಡಿಯುವುದೆಂದರೆ ಅದು ಐವತ್ತು ಅರುವತ್ತು ದಿನಗಳ ಆಹಾರ. ಅದೇ ಮಣ್ಣು 25 ಸೆಂಟಿಮೀಟರ್ ಮಾತ್ರ ಇದ್ದರೆ ಎರಡು ವಾರಗಳಲ್ಲಿ ಕೆರೆ ಬತ್ತಿತು! ಮೇಲಿನಿಂದ ನೋಡಿದರೆ ಎರಡೂ ಕಪ್ಪು. ಬಿತ್ತುವ ದಿನ ಎರಡೂ ಹಸಿ. ನವೆಂಬರಿನಲ್ಲಿ ಒಂದು ಹೂವಾಡುವುದು, ಇನ್ನೊಂದು ಬಾಡುವುದು.

2022–23ರ ಹಂಗಾಮಿನಲ್ಲಿ ಕಲಬುರಗಿಯ ತೊಗರಿಗೆ ನೆಟೆರೋಗ ಬಡಿದು, ಕಾಯಿ ಕಟ್ಟುವ ಹೊತ್ತಿಗೆ ಹೊಲ ಹೊಲಗಳೇ ಒಣಗಿದುವು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಆ ರೋಗ ಮಣ್ಣಿನಲ್ಲಿರುವ ಬೂಷ್ಟುಗಳಿಂದ ಬರುವುದು. ಆಳದ ಕೊರತೆಯೊಂದೇ ಅದಕ್ಕೆ ಕಾರಣವೆನ್ನುವಂತಿಲ್ಲ. ಆದರೆ ಬೇರು ಕೊಳೆಯಿಸುವ ಬೂಷ್ಟುಗಳಲ್ಲಿ ಕೆಲವು ನೀರಿಗೆ ತತ್ತರಿಸುವ ಗಿಡವನ್ನೇ ಹುಡುಕಿ ಹಿಡಿಯುವುವು. ಯಾವ ಹೊಲದಲ್ಲಿ ತೊಗರಿ, ಯಾವುದರಲ್ಲಿ ಹೆಸರು ಉದ್ದು, ಯಾವುದನ್ನು ಹುಲ್ಲಿಗೂ ಮರಕ್ಕೂ ಬಿಡಬೇಕು ಎಂಬ ವಿಚಾರ ಬೇಳೆಯ ಬೆಲೆಗೂ ಮನೆಯ ಸಾಲಕ್ಕೂ ಸೇರಿದ ಮಾತು.

ಹದಿನಾರಾಣೆಯ ಭೂಮಿ

ಆಳ ನೋಡಿ ನೆಲದ ಬೆಲೆ ಕಟ್ಟುವುದು ಹೊಸತೇನಲ್ಲ. 1830ರ ದಶಕದಲ್ಲಿ ಮುಂಬಯಿ ಪ್ರಾಂತದ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಕಂದಾಯಕ್ಕಾಗಿ ಹೊಸ ಮೋಜಣಿ ಆರಂಭಿಸಿದರು. 1847ರಲ್ಲಿ ಅದರ ನಿಯಮಗಳು ಗ್ರಂಥಸ್ಥವಾದುವು. ಮಣ್ಣಿನ ಬಣ್ಣ ಮತ್ತು ನಯಗಳನ್ನು ನೋಡಿ ಮೂರು ಜಾತಿ; ಆಳವನ್ನು ಮೊಳದಲ್ಲಿ ಅಳೆದು ಒಂಬತ್ತು ತರಗತಿ; ತರಗತಿಗೆ ತಕ್ಕಂತೆ ಆಣೆಗಳಲ್ಲಿ ಬೆಲೆ. ಒಂದೂ ಮುಕ್ಕಾಲು ಮೊಳ ಆಳದ ನಯವಾದ ಕರಿಮಣ್ಣು ಹದಿನಾರಾಣೆಯ ಭೂಮಿ. ಸುಣ್ಣದ ಹರಳು ಬೆರೆತಿದ್ದರೆ, ಮರಳು ಕೂಡಿದ್ದರೆ, ನೆಲ ಇಳಿಜಾರಾಗಿದ್ದರೆ, ನೀರು ನಿಂತು ಜೌಗಾಗುತ್ತಿದ್ದರೆ ಒಂದೊಂದು ದೋಷಕ್ಕೂ ಒಂದೊಂದು ತರಗತಿ ಕೆಳಗೆ. ಕಲಬುರಗಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನವೂ 1870ರ ದಶಕದಲ್ಲಿ ಇದೇ ಮಾದರಿಯ ಮೋಜಣಿಗೆ ಕೈಹಾಕಿತು.

ಆ ಮೋಜಣಿದಾರರ ಕೈಯಲ್ಲಿದ್ದುದು ಸರಪಳಿ ಮತ್ತು ಹಾರೆ. ಅವರ ಉದ್ದೇಶವಾದರೋ ರೈತನಿಂದ ಎಷ್ಟು ಕಂದಾಯ ಎತ್ತಬಹುದೆಂದು ತಿಳಿಯುವುದು. ಆದರೂ ಅವರ ದೃಷ್ಟಿ ಸರಿಯಾಗಿತ್ತು. ಆಳ, ನಯ, ಇಳಿಜಾರು, ಸುಣ್ಣ, ನೀರು — ಮಣ್ಣಿನ ಶಾಸ್ತ್ರ ಇಂದಿಗೂ ವಿಚಾರಿಸುವುದು ಇವುಗಳನ್ನೇ. ಪ್ರಶ್ನೆ ಹಳೆಯದು, ಕೇಳುವ ಉದ್ದೇಶವೂ ಸಾಧನವೂ ಮಾತ್ರ ಹೊಸವು.

ಮೇಲಿನಿಂದ ಕಂಡ ಗುಂಟೆ

1972ರ ಜುಲೈ 23ರಂದು ಅಮೆರಿಕೆಯವರು ಹಾರಿಸಿದ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಈ ಕಥೆಯ ಹೊಸ ಅಧ್ಯಾಯ ತೊಡಗಿತು. ಅದಕ್ಕೂ ಮೊದಲೇ, 1970ರಲ್ಲಿ, ಪಿಷಾರೋಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ಬೇರುರೋಗವನ್ನು ಹೆಲಿಕಾಪ್ಟರಿನಿಂದ ಚಿತ್ರ ತೆಗೆದು ಪತ್ತೆಹಚ್ಚುವ ಪ್ರಯೋಗ ನಮ್ಮ ದೇಶದಲ್ಲಿ ನಡೆದಿತ್ತು. 1988ರ ಮಾರ್ಚ್ 17ರಂದು ಭಾರತದ್ದೇ ಆದ ಐ.ಆರ್.ಎಸ್. 1ಎ ಉಪಗ್ರಹ ಸೋವಿಯತ್ ನೆಲದ ಬೈಕೊನೂರಿನಿಂದ ಮೇಲೇರಿತು. ನೆಲದಿಂದ 900 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, 22 ದಿನಗಳಿಗೊಮ್ಮೆ ಅದೇ ಊರಿನ ಮೇಲೆ ಅದು ಹಾದುಹೋಗುತ್ತಿತ್ತು.

ಉಪಗ್ರಹದ ಚಿತ್ರವೆಂದರೆ ಚುಕ್ಕೆಗಳ ಜಾಲ. ಒಂದು ಚುಕ್ಕೆಯೊಳಗೆ ಬಿದ್ದ ನೆಲವೆಲ್ಲವೂ ಅದಕ್ಕೆ ಒಂದೇ ಬಣ್ಣ. ನಮ್ಮ ರೈತರ ಅಳತೆಯಲ್ಲಿ ಹೇಳುವುದಾದರೆ, ಮೊದಲ ಲ್ಯಾಂಡ್‌ಸ್ಯಾಟಿನ ಒಂದು ಚುಕ್ಕೆ ಒಂದೂವರೆ ಎಕರೆಯಷ್ಟು. ಐ.ಆರ್.ಎಸ್. 1ಎಯ ಉತ್ತಮ ಕ್ಯಾಮರಾದಲ್ಲಿ ಅದು ಹದಿಮೂರು ಗುಂಟೆಗೆ ಇಳಿಯಿತು. 2003ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟಿನ 5.8 ಮೀಟರ್ ಚುಕ್ಕೆ ಗುಂಟೆಯ ಮೂರನೆಯ ಒಂದು ಪಾಲು ಮಾತ್ರ. 2005ರ ಕಾರ್ಟೊಸ್ಯಾಟ್ 2.5 ಮೀಟರಿನಷ್ಟು ಸಣ್ಣದನ್ನೂ ಗುರುತಿಸಿತು. ಅಷ್ಟೇ ಅಲ್ಲ, ಎರಡು ಕಣ್ಣುಗಳಿಂದ ನೋಡಿದಂತೆ ಒಂದೇ ನೆಲವನ್ನು ಎರಡು ಕೋನಗಳಿಂದ ಹಿಡಿದು, ದಿಬ್ಬ ತಗ್ಗುಗಳ ಎತ್ತರವನ್ನೂ ತಿಳಿಸಿತು. ಈಗ ಹೊಲದ ಒಡ್ಡು, ಕೊರಕಲು, ಬದುವಿನ ಮರ ಎಲ್ಲವೂ ಚಿತ್ರದಲ್ಲಿ ಕಾಣುವುವು.

ನಮ್ಮ ಕಣ್ಣಿಗೆ ಕಾಣದ ಕಿರಣವನ್ನೂ ಈ ಯಂತ್ರಗಳು ಕಾಣಬಲ್ಲುವು. ಕೆಂಪಿನ ಆಚೆಗಿರುವ ಅವಕೆಂಪು ಕಿರಣವನ್ನು ಹಸಿರೆಲೆ ಬಲವಾಗಿ ಹಿಂದಕ್ಕೆ ಚಿಮ್ಮಿಸುವುದು, ನೀರು ನುಂಗಿಬಿಡುವುದು. ಆ ಕಿರಣಕ್ಕೆ ಕೆಂಪು ಬಣ್ಣ ಕೊಟ್ಟು ಮುದ್ರಿಸಿದ ಚಿತ್ರದಲ್ಲಿ ಪೈರು ರಕ್ತಗೆಂಪು, ಆಳವಾದ ತಿಳಿನೀರು ಕಾಡಿಗೆ, ಬರಿಯ ಎರೆ ನೀಲಿಗಪ್ಪು, ಕೆಂಪು ಮಣ್ಣು ಹಸಿರು ಬೆರೆತ ಹಳದಿ, ಸವುಳು ನೆಲ ಬಿಳುಪು. ಮಣ್ಣನ್ನು ಓದಬಯಸುವವರು ಪೈರಿಲ್ಲದ ಬೇಸಗೆಯ ಚಿತ್ರವನ್ನು ಆರಿಸಿಕೊಳ್ಳುವರು. ಜೊತೆಗೆ ಬೆಳೆಯ ಕಾಲದ ಚಿತ್ರವನ್ನೂ ಇಟ್ಟುಕೊಂಡು, ಯಾವ ಹೊಲ ಬೇಗ ಹಳದಿಗೆ ತಿರುಗಿತು ಎಂದು ಹೋಲಿಸುವರು.

ಚರ್ಮ ಕಂಡಿತು, ಹೊಟ್ಟೆ ಕಾಣಲಿಲ್ಲ

ಇಷ್ಟೆಲ್ಲ ಕಂಡ ಮೇಲೆ ಇನ್ನೇನು ಉಳಿಯಿತು? ಉಳಿದುದೇ ಮುಖ್ಯವಾದುದು. ಈ ಬಗೆಯ ಚಿತ್ರದಲ್ಲಿ ಮೂಡುವ ಬೆಳಕು ನೆಲದ ಮೇಲ್ಮೈಯಿಂದ ಮರಳಿದ ಬೆಳಕು. ಕೆಲವು ಮಿಲಿಮೀಟರುಗಳ ಕೆಳಗೆ ಏನಿದೆಯೆಂಬುದಕ್ಕೆ ಅದು ನೇರವಾದ ಸಾಕ್ಷಿ ಹೇಳಲಾರದು. ಒಂದು ಗೇಣಿನ ಎರೆಯೂ ಎರಡಾಳಿನ ಎರೆಯೂ ಅದಕ್ಕೆ ಒಂದೇ ಕಪ್ಪು. ಮಳೆ ಬಿದ್ದ ಮರುದಿನ ಕೆಂಪು ಮಣ್ಣು ಕೂಡ ಕಂದಾಗಿ ತೋರುವುದು.

ಬಣ್ಣವೂ ಮೋಸ ಮಾಡುವುದುಂಟು. 1883ರಲ್ಲಿ ರಷ್ಯದ ದೊಕುಚಾಯೆವ್ ಪ್ರಸಿದ್ಧಗೊಳಿಸಿದ ಅಲ್ಲಿಯ ಕರಿಮಣ್ಣು ಕಪ್ಪಾಗಿರುವುದು ಶತಮಾನಗಳ ಹುಲ್ಲು ಕೊಳೆತು ಕೂಡಿದ ಸಾರದಿಂದ. ನಮ್ಮ ಎರೆಯೂ ಕಪ್ಪು. ಆದರೆ ಅದರಲ್ಲಿ ಕೊಳೆತ ಸಾರ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲನ್ನೂ ಮುಟ್ಟದು. ಕಪ್ಪೆಂದ ಮಾತ್ರಕ್ಕೆ ಎರಡೂ ಒಂದೇ ಎಂದು ಬಗೆದವನು ಗೊಬ್ಬರ ಹಾಕುವಲ್ಲಿ ತಪ್ಪುವನು.

ಹಾಗಾದರೆ ಉಪಗ್ರಹದಿಂದ ಪ್ರಯೋಜನವೇನು? ಪ್ರಯೋಜನ ಪರೋಕ್ಷವಾದುದು, ಆದರೆ ಬಹಳ ದೊಡ್ಡದು. ಮಣ್ಣು ಮನಬಂದಂತೆ ಹರಡಿಲ್ಲ. ಕೆಳಗಿನ ಬಂಡೆ, ನೆಲದ ಇಳಿಜಾರು, ನೀರಿನ ಓಟ ಇವುಗಳಿಗೆ ವಿಧೇಯವಾಗಿ ಹರಡಿದೆ. ನೆತ್ತಿ ಎಲ್ಲಿ, ಪಕ್ಕೆ ಎಲ್ಲಿ, ಹಳ್ಳ ಎಲ್ಲಿ ಎಂಬುದು ಚಿತ್ರದಿಂದ ತಿಳಿಯುವುದರಿಂದ, ಮಣ್ಣು ಎಲ್ಲಿ ಬದಲಾಗುವ ಸಂಭವವಿದೆಯೆಂದು ಊಹಿಸಬಹುದು. ಚಿತ್ರ ಉತ್ತರ ಹೇಳದಿದ್ದರೂ, ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬುದನ್ನು ಹೇಳುತ್ತದೆ. ನೂರು ಗುಂಡಿಗಳ ಕೆಲಸವನ್ನು ಹತ್ತರಲ್ಲಿ ಮುಗಿಸುವ ದಾರಿ ಅದು.

ಈ ಊಹೆಯನ್ನು ಕಂಪ್ಯೂಟರಿಗೇ ಒಪ್ಪಿಸುವ ಪ್ರಯತ್ನವೂ ನಡೆದಿದೆ. ಹಾಲೆಂಡಿನ ವಾಗೆನಿಂಗೆನ್ ನಗರದ ಮಣ್ಣಿನ ಸಂಸ್ಥೆ 2017ರಲ್ಲಿ, ಸುಮಾರು ಒಂದೂವರೆ ಲಕ್ಷ ಗುಂಡಿಗಳ ವಿವರವನ್ನು ಉಪಗ್ರಹಗಳ ಮಾಹಿತಿಯೊಡನೆ ಹೆಣೆದು, ಇಡೀ ಲೋಕದ ಮಣ್ಣಿನ ನಕಾಶೆಯನ್ನು ಪ್ರಕಟಿಸಿತು. ಅದರ ಒಂದೊಂದು ಚೌಕ 250 ಮೀಟರ್ ಉದ್ದಗಲ, ಅಂದರೆ ಹದಿನೈದು ಎಕರೆ. ಖಂಡ ಖಂಡಗಳ ವಿಚಾರಕ್ಕೆ ಅದು ಸೊಗಸಾದ ಸಾಧನ. ಆದರೆ ಐದೆಕರೆಯ ಒಡೆಯನಿಗೆ ಅದರಲ್ಲಿ ತನ್ನ ಹೊಲ ಸಿಗದು. ತನ್ನ ಹೊಲ ಮತ್ತು ನೆರೆಯವರ ಹೊಲಗಳ ಸರಾಸರಿ ಮಾತ್ರ ಸಿಕ್ಕೀತು.

ಒಂದು ಅಂಗುಲಕ್ಕೆ ಒಂದು ಫರ್ಲಾಂಗು

ನಾಗಪುರದಲ್ಲಿ 1976ರಲ್ಲಿ ನೆಲೆಗೊಂಡ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ, ರಾಜ್ಯ ರಾಜ್ಯಗಳ ಮಣ್ಣಿನ ನಕಾಶೆಗಳನ್ನು ಸಿದ್ಧಗೊಳಿಸಿತು. ಆ ಸಮೀಕ್ಷೆಯ ಪ್ರಮಾಣದಲ್ಲಿ ಒಂದು ಸೆಂಟಿಮೀಟರಿಗೆ ನೆಲದ ಎರಡೂವರೆ ಕಿಲೋಮೀಟರ್; ಒಂದು ಊರು ಅದರಲ್ಲಿ ಹೆಬ್ಬೆರಳ ಗುರುತಿನಷ್ಟು. ಹೊಲದ ಮಟ್ಟಕ್ಕೆ ಇಳಿಯುವ ಕೆಲಸ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದುದು ವಿಶ್ವಬ್ಯಾಂಕಿನ ನೆರವಿನ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ. 2012ರಲ್ಲಿ ಒಪ್ಪಿಗೆ ಪಡೆದ ಆ ಯೋಜನೆ ಮೊದಲು ಏಳು, ಅನಂತರ ಹನ್ನೊಂದು ಜಿಲ್ಲೆಗಳಿಗೆ ಹಬ್ಬಿತು. ಕಲಬುರಗಿ ಆರಂಭದಿಂದಲೂ ಅದರಲ್ಲಿ ಸೇರಿತ್ತು. ಸಂಸ್ಥೆಯ ಬೆಂಗಳೂರು ಕೇಂದ್ರದೊಡನೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಕೈಜೋಡಿಸಿತು.

ಇಲ್ಲಿ ಆರಿಸಿಕೊಂಡ ಪ್ರಮಾಣ 7,920ಕ್ಕೆ ಒಂದು. ಲೆಕ್ಕ ಹಾಕಿ ನೋಡಿದರೆ ಇದು ನಕಾಶೆಯ ಒಂದು ಅಂಗುಲಕ್ಕೆ ನೆಲದ ಒಂದು ಫರ್ಲಾಂಗು! ಸರ್ವೆ ನಂಬರುಗಳಿರುವ ಊರಿನ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಹೊಂದಿಸಿ ಕೂಡಿಸಿದರು. ಹಾರೆ ಸರಪಳಿಗಳ ಕಾಲದ ಗಡಿರೇಖೆಯೂ ಮುಗಿಲಿನಿಂದ ಬಂದ ಚಿತ್ರವೂ ಒಂದೇ ಹಾಳೆಯ ಮೇಲೆ ಸೇರಿದುವು. ಕಾಗದದ ಮೇಲೆ ಹಾಳೆಗಳನ್ನು ಹೊಂದಿಸುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರು ಮಾಡುತ್ತದೆ. ಬಂಡೆ, ಇಳಿಜಾರು, ನೀರಿನ ಹಾದಿ, ಬೆಳೆ, ಹೊಲದ ಗಡಿ — ಒಂದೊಂದಕ್ಕೂ ಒಂದೊಂದು ಪದರ. ಬೇಕಾದುದನ್ನು ಬೇಕಾದುದರ ಮೇಲೆ ಹಾಸಿ ನೋಡಬಹುದು.

ಆಮೇಲೆ ಬಂದುದು ಗುದ್ದಲಿಯ ಸರದಿ. ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ನಡೆಯುತ್ತ, ಚಿತ್ರ ಸೂಚಿಸಿದ ಎಡೆಗಳಲ್ಲಿ ಆಳೆತ್ತರದ ಗುಂಡಿ, ಇಲ್ಲವೆ ಬಂಡೆ ತಗಲುವ ತನಕ ಗುಂಡಿ. ಗುಂಡಿಗೆ ಇಳಿದ ಶಾಸ್ತ್ರಜ್ಞ ಮಣ್ಣಿನ ಹೆಂಟೆಯನ್ನು ಬಣ್ಣದ ಪುಸ್ತಕದೊಡನೆ ಹೋಲಿಸುವನು; ನೀರು ಬೆರೆಸಿ ಬೆರಳ ನಡುವೆ ತೀಡಿ ಜಿಗುಟನ್ನು ನೋಡುವನು; ತಿಳಿಯಾದ ಆಮ್ಲದ ಹನಿ ಬಿಡುವನು — ಬುರಬುರನೆ ನೊರೆಯೆದ್ದರೆ ಸುಣ್ಣವಿದೆಯೆಂದು ತಿಳಿಯುವುದು. 25 ಸೆಂಟಿಮೀಟರಿಗಿಂತ ಕಡಿಮೆಯಾದರೆ ಬಹಳ ತೆಳು, 150 ಮೀರಿದರೆ ಬಹಳ ಆಳ. ನಡುವೆ ನಾಲ್ಕು ಮೆಟ್ಟಲು. ಸಾರದ ಪರೀಕ್ಷೆಗಾಗಿ 320 ಮೀಟರಿಗೊಂದರಂತೆ ಚೌಕಗಳನ್ನು ಗುರುತಿಸಿ ಮೇಲ್ಮಣ್ಣನ್ನು ಪ್ರಯೋಗಶಾಲೆಗೆ ಒಯ್ದರು. ಇಳಿಜಾರು, ಕೊಚ್ಚಣೆ, ಗರಸುಗಳನ್ನು ಸೇರಿಸಿ, ಕೊನೆಗೆ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಒಗ್ಗುವುದು, ಎಲ್ಲಿ ಒಡ್ಡು ಹಾಕಬೇಕು, ಎಲ್ಲಿ ಕೃಷಿಹೊಂಡ ತೋಡಬೇಕು ಎಂದು ಬರೆದರು. ಸುಮಾರು ಎರಡೂವರೆ ಸಾವಿರ ಕಿರುಜಲಾನಯನಗಳಲ್ಲಿ ಈ ಕೆಲಸ ನಡೆಯಿತು. 2022ರಲ್ಲಿ ಒಪ್ಪಂದವಾದ ರಿವಾರ್ಡ್ ಯೋಜನೆ ಅದನ್ನು ಮುಂದುವರಿಸಿದೆ.

ನಕಾಶೆ ಯಾರ ಕೈಗೆ?

ನಕಾಶೆ ಸಿದ್ಧವಾದ ಮಾತ್ರಕ್ಕೆ ಹೊಲ ಹಸನಾಗುವುದಿಲ್ಲ. ಹಳೆಯ ಮೋಜಣಿಯ ಆಣೆಲೆಕ್ಕ ಕಚೇರಿಯ ದಫ್ತರದಲ್ಲಿ ಉಳಿಯಿತು. ರೈತನಿಗೆ ತಲುಪಿದುದು ಕಂದಾಯದ ಮೊತ್ತ ಮಾತ್ರ. ಹೊಸ ನಕಾಶೆಗೂ ಅದೇ ಗತಿ ಒದಗಬಾರದಾದರೆ, ಅದರ ಮಾತು ಪಹಣಿಯಷ್ಟೇ ಸುಲಭವಾಗಿ ಹೊಲದೊಡೆಯನ ಕೈಸೇರಬೇಕು. ಅವನ ನುಡಿಯಲ್ಲಿ ಇರಬೇಕು. ತೆಳುವಾದ ಮಣ್ಣೆಂದು ಬರೆದರೆ ಸಾಲದು; ಮಡ್ಡಿಯೆಂದೂ ಎಷ್ಟು ಗೇಣೆಂದೂ ತಿಳಿಸಬೇಕು. ತೊಗರಿಗೆ ಒಗ್ಗದು ಎಂದರೆ ಸಾಲದು. ಅಲ್ಲಿ ಏನು ಬಿತ್ತಿದರೆ ಮನೆ ನಡೆದೀತೆಂಬುದನ್ನೂ ಹೇಳಬೇಕು. ಗಂಜಿನಲ್ಲಿ ಬೆಲೆ ಸಿಗದ ಬೆಳೆಯನ್ನು ಎಷ್ಟೇ ಶಾಸ್ತ್ರೀಯವಾಗಿ ಸೂಚಿಸಿದರೂ ಬಿತ್ತುವವರು ಯಾರು?

ಇನ್ನೊಂದು ಎಚ್ಚರವೂ ಅಗತ್ಯ. ಕಂಪ್ಯೂಟರಿನ ಪರದೆಯ ಮೇಲೆ ಹೊಲದ ಬಣ್ಣ ಕಾಣತೊಡಗಿದ ಮೇಲೆ, ಹೊಲಕ್ಕೆ ಹೋಗಬೇಕೇಕೆ ಎನ್ನುವ ಮೋಹ ಸಹಜ. ಗುಂಡಿ ತೋಡುವುದು ದುಬಾರಿ, ನಿಧಾನ, ಬಿಸಿಲಿನ ಕೆಲಸ. ಆದರೆ ಗುಂಡಿಯಿಲ್ಲದ ನಕಾಶೆ ಊಹೆಯೇ ಸರಿ. ಅದರ ಬಣ್ಣ ಚೆನ್ನಾದಷ್ಟೂ ಅದನ್ನು ನಂಬಿ ಕೆಡುವವರು ಹೆಚ್ಚು. ಮಣ್ಣು ನಿಂತ ನೀರೂ ಅಲ್ಲ. ಇಂದಿನ ಒಂದು ಗೇಣು ಮುಂದಿನ ಮುಂಗಾರಿನ ದೊಡ್ಡ ಮಳೆಗೆ ಎರಡು ಬೆರಳು ಸವೆದೀತು. ಒಂದು ಬೆರಳಷ್ಟು ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಕೊಚ್ಚಿಹೋಗಲು ಒಂದು ರಾತ್ರಿ ಸಾಕು. ಕೊರಕಲು ಎಲ್ಲಿ ಬೆಳೆಯುತ್ತಿದೆ, ಒಡ್ಡು ಎಲ್ಲಿ ಒಡೆದಿದೆ ಎಂದು ವರ್ಷ ವರ್ಷವೂ ಮೇಲಿನಿಂದ ನೋಡಿ ಹೇಳುವುದರಲ್ಲಿ ಮಾತ್ರ ಉಪಗ್ರಹಕ್ಕೆ ಸಾಟಿಯಿಲ್ಲ.

ಮುಗಿಲ ಕಣ್ಣು, ಗುಂಡಿಯ ಗುದ್ದಲಿ, ತಲೆಮಾರುಗಳಿಂದ ಆ ಹೊಲವನ್ನು ಉತ್ತವನ ಅನುಭವ — ಈ ಮೂರೂ ಒಂದೇ ಹಾಳೆಗೆ ಬಂದಾಗ ಮಣ್ಣಿನ ನಕಾಶೆ ಪೂರ್ತಿಯಾಗುವುದು. ಎರೆಯ ಹೊಟ್ಟೆಯಲ್ಲಿ ಎಷ್ಟು ನೀರಿದೆಯೆಂಬುದನ್ನು ತೊಗರಿಯ ಬೇರು ನವೆಂಬರಿನಲ್ಲಿ ಹೇಗೂ ಕಂಡುಕೊಳ್ಳುವುದು. ಬಿತ್ತುವವನಿಗೆ ಅದು ಜೂನಿನಲ್ಲಿಯೇ ತಿಳಿದರೆ, ಎಷ್ಟೋ ಮನೆಗಳ ಬೀಜ, ಬೆವರು, ಸಾಲ ಮೂರೂ ಉಳಿದಾವು.